ಅಮ್ಮನ ಆಣೆವಾರಿ

ನನ್ನ ಎಡಗೈ ಮಣಿಕಟ್ಟಿನ ಮೇಲೆ ಈಗ ಒಬ್ಬ ಇನ್ಸ್‌ಪೆಕ್ಟರ್ ಕೂತಿದ್ದಾನೆ. ಕಪ್ಪು ರಬ್ಬರಿನ ಪಟ್ಟಿ, ನಡುವೆ ಅರ್ಧ ಬೆಂಕಿಪೊಟ್ಟಣದಷ್ಟು ಗಾಜು. ನಾದಿನಿಯ ಮೊಮ್ಮಗಳು ನನ್ನ ಹುಟ್ಟುಹಬ್ಬಕ್ಕೆ ತಂದು ಕಟ್ಟಿ, “ಅಜ್ಜಿ, ಸ್ನಾನಕ್ಕೆ ಹೋಗುವಾಗಲೂ ಬಿಚ್ಚಬೇಡಿ” ಅಂದಳು. ತಾಳಿಗೂ ಇಷ್ಟು ಕಟ್ಟುನಿಟ್ಟು ಇರಲಿಲ್ಲ.

ಇದು ನಾನು ಹಾಕಿದ ಹೆಜ್ಜೆಗಳನ್ನೆಲ್ಲ ಎಣಿಸುತ್ತದೆ. ಬಚ್ಚಲಿಗೆ ಹೋದರೂ ಎಣಿಸುತ್ತದೆ. ಸಂಜೆ ಏಳಕ್ಕೆ ಮಣಿಕಟ್ಟಿನ ಮೇಲೆ ಜಿರಳೆ ಹರಿದಂತೆ ಗುರುಗುಟ್ಟಿ ಐದು ಮುಖಗಳನ್ನು ತೋರಿಸುತ್ತದೆ. ಬಾಯಿ ಕಿವಿಯವರೆಗೂ ಹಿಗ್ಗಿದ ಮುಖದಿಂದ ಹಿಡಿದು, ಯಾರೋ ಹೋಗಿಬಿಟ್ಟರೇನೋ ಎಂಬಂಥ ಮುಖದವರೆಗೆ. ಇವತ್ತು ನೀವು ಇವರಲ್ಲಿ ಯಾರು ಎಂದು ಒತ್ತಿ ಹೇಳಬೇಕು. ನಾನು ಓದಿದ್ದು ಕಾನ್ವೆಂಟಿನಲ್ಲಿ. “ಹೌ ಆರ್ ಯೂ?” ಎಂಬ ಪ್ರಶ್ನೆಗೆ ಅಲ್ಲಿ ಇದ್ದದ್ದು ಒಂದೇ ಉತ್ತರ: “ವೆರಿ ವೆಲ್, ಥ್ಯಾಂಕ್ ಯೂ, ಸಿಸ್ಟರ್.” ನೂರಾಮೂರು ಡಿಗ್ರಿ ಜ್ವರವಿದ್ದಾಗಲೂ ಅದೇ. ಹಾಗಾಗಿ ನಾನು ದಿನಾ ಹಿಗ್ಗಿದ ಮುಖವನ್ನೇ ಒತ್ತುತ್ತೇನೆ.

ಮೊನ್ನೆ ಆ ಹುಡುಗಿ ಫೋನ್ ಮಾಡಿದಳು. “ಅಜ್ಜಿ, ನಿಮ್ಮ ಗ್ರಾಫ್ ನೋಡ್ದೆ. ನೀವು ಜಾಸ್ತಿ ನಡೆದ ದಿನ ತುಂಬ ಹ್ಯಾಪಿ ಆಗಿರ್ತೀರ. ಬುಧವಾರ ನಾಲ್ಕು ಸಾವಿರ ಸ್ಟೆಪ್ಸ್!” ಬುಧವಾರ ನಾನು ಗ್ಯಾಸ್ ಸಿಲಿಂಡರಿನವನನ್ನು ಹುಡುಕಿಕೊಂಡು ದಟ್ಟಗಳ್ಳಿಯ ಮೂರು ಕ್ರಾಸ್‌ಗಳನ್ನು ಅವನ ವಂಶಸಮೇತ ಶಪಿಸುತ್ತಾ ಅಳೆದಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ. ಚಿಕ್ಕವರ ಸೈನ್ಸಿಗೆ ನಾವೇಕೆ ಅಡ್ಡ ಬರಬೇಕು?

ಅಲ್ಲದೆ ಈ ಕಸುಬಿಗೆ ನಾನೇನು ಹೊಸಬಳಲ್ಲ. ಹದಿಮೂರನೆಯ ವಯಸ್ಸಿಗೇ ಒಬ್ಬರ ನಡಿಗೆಯನ್ನೂ ಅವರ ಮನಸ್ಸನ್ನೂ ಒಂದೇ ಪುಟದಲ್ಲಿ ನಮೂದಿಸಿ, ಎರಡನ್ನೂ ಸುಳ್ಳು ಬರೆದು, ಮೇಲಧಿಕಾರಿಯ ರುಜು ಪಡೆದವಳು ನಾನು.

ಆಗ ನಾವು ಲಕ್ಷ್ಮೀಪುರಂನಲ್ಲಿದ್ದೆವು. ತಂದೆಯನ್ನು ಅಣ್ಣ ಎಂದು ಕರೆಯುವ ಮನೆ ನಮ್ಮದು. ಅಣ್ಣ ಸರ್ವೆ ಕಚೇರಿಯಲ್ಲಿದ್ದರು. ಜಮೀನು ಅಳೆಯುವವರಿಗೆ ಉಳಿದ ಪ್ರಪಂಚವನ್ನು ಅಳೆಯದೆ ಬಿಡುವುದು ಹೇಗೆಂದು ತಿಳಿಯುವುದಿಲ್ಲವೋ ಏನೋ. ನಮ್ಮ ಅಡಿಗೆಮನೆಯಿಂದ ಬಾವಿಗೆ ಮೂವತ್ತೊಂದು ಅಡಿ, ಬೀದಿಬಾಗಿಲಿನಿಂದ ಕಾನ್ವೆಂಟಿನ ಗೇಟಿಗೆ ಆರೂವರೆ ಫರ್ಲಾಂಗು ಎಂಬುದು ಮಗ್ಗಿಗಿಂತ ಮೊದಲು ನನಗೆ ಬಾಯಿಪಾಠವಾಗಿತ್ತು. ಯಾರಾದರೂ ದಾರಿ ಹೇಳುತ್ತಾ “ಇಲ್ಲೇ ಹತ್ರ” ಅಂದರೆ ಅಣ್ಣನಿಗೆ ಮೈಯೆಲ್ಲ ಉರಿಯುತ್ತಿತ್ತು. “ಹತ್ರ ಅಂದ್ರೆ ಎಷ್ಟು ಚೈನು ಸ್ವಾಮಿ?” ಎಂದು ಕೇಳಿಬಿಡುತ್ತಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಚೈನೆಂಬ ಅರವತ್ತಾರು ಅಡಿಯ ಆ ಉಕ್ಕಿನ ಸರಪಳಿ ಮಾತ್ರ ಇನ್ನೂ ಇಂಗ್ಲಿಷರದೇ. ಹೆಗಲ ಮೇಲೆ ಹೊತ್ತು ತಂದರೆ ಅದು ಮದುವೆಮನೆಯ ಕಾಲಂದುಗೆಯ ಹಾಗೆ ಸದ್ದು ಮಾಡುತ್ತಿತ್ತು.

ಆ ವರ್ಷ ದಸರೆಗೆ ಮುಂಚೆ ನನಗೊಬ್ಬಳು ತಂಗಿ ಹುಟ್ಟಿದಳು. ಒಂಬತ್ತು ದಿನ ಇದ್ದಳು. ಹನ್ನೊಂದನೆಯ ದಿನ ಹೆಸರಿಡುವುದೆಂದು ಗೊತ್ತಾಗಿತ್ತು. ಅವಳು ಅಷ್ಟು ಕಾಯಲಿಲ್ಲ. ಹೆಸರಿಲ್ಲದ ಮಗುವಿನ ವಿಷಯ ಮಾತಾಡುವುದು ಹೇಗೆಂದು ತಿಳಿಯದೆ ಮನೆಯವರೆಲ್ಲ ಮಾತಾಡುವುದನ್ನೇ ಬಿಟ್ಟರು. ಊರೆಲ್ಲ ದೀಪ ಹಾಕಿಕೊಂಡು ಕೂತಿತ್ತು. ಅಮ್ಮ ಒಲೆಯ ಮುಂದೆ ಕೂತಿದ್ದಳು. ಹಾಲು ಉಕ್ಕುವುದನ್ನು ನೋಡುತ್ತಿದ್ದಳು, ಉಕ್ಕಿ ಒಲೆ ಆರುವುದನ್ನೂ ನೋಡುತ್ತಿದ್ದಳು. ಕರೆದರೆ “ಹೂಂ” ಅನ್ನುತ್ತಿದ್ದಳು. ಅಷ್ಟೇ.

ನಂಜನಗೂಡಿನಿಂದ ಅಣ್ಣನ ಅಕ್ಕ, ನಮ್ಮ ಅತ್ತೆ, ಅಡಿಗೆ ನೋಡಿಕೊಳ್ಳಲು ಬಂದರು. ಡಾಕ್ಟರೂ ಬಂದರು. ನಾಡಿ ಹಿಡಿದು, ಕಣ್ಣರೆಪ್ಪೆ ಎಳೆದು ನೋಡಿ, “ನರ್ವ್ಸ್” ಅಂದರು. ಆ ಕಾಲಕ್ಕೆ ಆ ಒಂದು ಪದದಲ್ಲಿ ಹೆಂಗಸರ ಎಲ್ಲ ಕಾಯಿಲೆಗಳಿಗೂ ಜಾಗವಿತ್ತು. “ಟಾನಿಕ್ ಕೊಡ್ತೀನಿ. ಅದಕ್ಕಿಂತ ಮುಖ್ಯ, ದಿನಾ ಎರಡು ಮೈಲಿ ನಡೀಬೇಕು. ಬ್ರಿಸ್ಕ್ ವಾಕ್. ಮೂಡ್ ಹೇಗಿರುತ್ತೆ ಅಂತ ದಿನಾ ಗಮನಿಸ್ತಾ ಹೋಗಿ.”

ಡಾಕ್ಟರು ಗೇಟು ದಾಟುವವರೆಗೆ ಅತ್ತೆ ಸುಮ್ಮನಿದ್ದರು.

“ನಡೀಬೇಕಂತೆ. ಹೆಂಗಸು ಕೈಯಲ್ಲಿ ಒಂದು ಕುಂಕುಮದ ಭರಣಿನೂ ಇಲ್ದೆ ಎರಡು ಮೈಲಿ ನಡೆದ್ರೆ ನೋಡಿದವರು ಮನೆ ಬಿಟ್ಟು ಹೋದ್ಲು ಅಂತಾರೆ ಕಣೋ.”

ಅತ್ತೆಯ ಮಾತನ್ನು ತೆಗೆದುಹಾಕುವಂತಿರಲಿಲ್ಲ. ಗಂಡಸರು ಕೋಟು ಪೇಟ ಹಾಕಿಕೊಂಡು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಗಾಳಿ ಸೇವಿಸಲು ಹೋಗುತ್ತಿದ್ದರು. ಹೆಂಗಸರಿಗೆ ಗಾಳಿ ಬೇಕಾದರೆ ಒಂದು ಕಾರಣ ಬೇಕು: ದೇವಸ್ಥಾನ, ಬಾಗಿನ, ಹಪ್ಪಳದ ಹಿಟ್ಟು. ಸುಮ್ಮನೆ ನಡೆಯುವ ಹೆಂಗಸನ್ನು ಲಕ್ಷ್ಮೀಪುರಂ ಇನ್ನೂ ನೋಡಿರಲಿಲ್ಲ.

“ಇನ್ನೊಂದು ಮಾತು ಈಗ್ಲೇ ಹೇಳ್ಬಿಡ್ತೀನಿ” ಎಂದು ಅತ್ತೆ ಮುಂದುವರಿಸಿದರು. “ಸಂಕ್ರಾಂತಿ ಆದ್ಮೇಲೆ ನಾನು ಒಂದು ದಿನವೂ ಇರೋಳಲ್ಲ. ಅಷ್ಟರೊಳಗೆ ನಿನ್ನ ಹೆಂಡ್ತಿ ಎದ್ದು ಓಡಾಡಿದ್ಲೋ ಸರಿ. ಇಲ್ದಿದ್ರೆ ಸರೋಜ ಇದಾಳಲ್ಲ, ಹದಿಮೂರು ತುಂಬ್ತು. ಆ ಕಾನ್ವೆಂಟು ಬಿಡಿಸಿ ಒಲೆ ಮುಂದೆ ಕೂರಿಸು. ಇಂಗ್ಲಿಷ್‌ನಲ್ಲಿ ಅನ್ನ ಬೇಯಲ್ಲ.”

ಅಣ್ಣ ಉತ್ತರ ಕೊಡಲಿಲ್ಲ. ಅವರ ಮೌನವೆಂದರೆ ಫೈಲಿನ ಮೇಲೆ “ಪರಿಶೀಲಿಸಲಾಗುವುದು” ಎಂದು ಬರೆದ ಹಾಗೆ; ಸಾಮಾನ್ಯವಾಗಿ ಅದು ಒಪ್ಪಿಗೆಯಲ್ಲೇ ಮುಗಿಯುತ್ತಿತ್ತು. ನಾನು ಬಾಗಿಲ ಹಿಂದೆ ನಿಂತು, ಮುಂದಿನ ಟರ್ಮಿನ ಇಂಗ್ಲಿಷ್ ರೆಸಿಟೇಶನ್‌ಗೆ ನನ್ನ ಹೆಸರು ಮೊದಲನೆಯದು ಎಂಬುದನ್ನು ನೆನೆದು ಅತ್ತುಬಿಟ್ಟೆ. ತಂಗಿ ಹೋದಾಗ ಅಷ್ಟು ಅತ್ತಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಮರುದಿನ ಭಾನುವಾರ. ಬೆಳಗ್ಗೆಯೇ ಅಣ್ಣ ಕಚೇರಿಯ ಆಳಿನ ಹೆಗಲ ಮೇಲೆ ಸರಪಳಿ ಹೊರಿಸಿಕೊಂಡು ನಮ್ಮ ಬೀದಿಯ ಕೊನೆಯ ಅಶ್ವತ್ಥಕಟ್ಟೆಗೆ ಹೊರಟರು. ಕಟ್ಟೆಯ ಸುತ್ತ ಹೆಂಗಸರು ತುಳಿದು ತುಳಿದು ಮಾಡಿದ್ದ ಕಾಲುದಾರಿಯ ಮೇಲೆ ಸರಪಳಿ ಹಾಸಿ ಅಳೆದರು. ಎರಡು ಸಲ ಅಳೆದರು. ಆಮೇಲೆ ಜೇಬಿನಿಂದ ಪೆನ್ಸಿಲ್ ತೆಗೆದು ಏನೋ ಭಾಗಿಸಿ, ಮುಖ ಅರಳಿಸಿಕೊಂಡು ಮನೆಗೆ ಬಂದರು.

“ಒಂದು ಸುತ್ತಿಗೆ ಒಂದೂವರೆ ಚೈನಿಗೆ ಒಂದಡಿ ಕಮ್ಮಿ. ಅಂದ್ರೆ ತೊಂಬತ್ತೆಂಟು ಅಡಿ. ಎರಡು ಮೈಲಿಗೆ ಎಷ್ಟು ಸುತ್ತು ಹೇಳಿ ನೋಡೋಣ?”

ಉತ್ತರಕ್ಕೆ ಕಾಯದೆ ಅವರೇ ಕೂಗಿದರು.

“ನೂರೆಂಟು! ಸರಿಯಾಗಿ ನೂರೆಂಟು ಪ್ರದಕ್ಷಿಣೆ. ಇಪ್ಪತ್ತನಾಲ್ಕು ಅಡಿ ಜಾಸ್ತಿ ಬರುತ್ತೆ, ಅದು ದೇವರಿಗೆ.”

ಅಲೋಪತಿಯೂ ಶಾಸ್ತ್ರವೂ ಹೀಗೆ ಒಂದೇ ಅಂಕಿಯಲ್ಲಿ ಕೈ ಕುಲುಕಿದ್ದನ್ನು ಕಂಡು ಅಣ್ಣನಿಗೆ ಆದ ಸಂತೋಷ ಪ್ರಮೋಷನ್ ಬಂದಾಗಲೂ ಆಗಿರಲಿಲ್ಲ. ಅತ್ತೆಗೂ ಅಡ್ಡಿಯಿರಲಿಲ್ಲ. ಡಾಕ್ಟರಿಗೆ ವಾಕಿಂಗು, ಬೀದಿಗೆ ಭಕ್ತಿ. ಅಮ್ಮನನ್ನು ಯಾರೂ ಕೇಳಲಿಲ್ಲ. ಅವಳು “ಹೂಂ” ಅಂದಳು.

ಅಣ್ಣ ಒಂದು ರಿಜಿಸ್ಟರು ತಯಾರು ಮಾಡಿದರು. ಕೆಂಪು ಶಾಯಿಯಲ್ಲಿ ಗೆರೆ ಎಳೆದು ನಾಲ್ಕು ಕಾಲಂ: ತಾರೀಖು, ಸುತ್ತು, ವೇಳೆ, ಷರಾ. ದಿನಾ ಬೆಳಗ್ಗೆ ಆರಕ್ಕೆ ಅಮ್ಮನ ಜೊತೆ ಹೋಗಿ ಕಟ್ಟೆಯ ಮೇಲೆ ಕೂತು ಎಣಿಸುವುದು ನನ್ನ ಕೆಲಸ. ಒಂದು ಬಟ್ಟಲಲ್ಲಿ ನೂರೆಂಟು ಹುಣಿಸೆಬೀಜ. ಒಂದು ಸುತ್ತಾದರೆ ಒಂದು ಬೀಜ ಇನ್ನೊಂದು ಬಟ್ಟಲಿಗೆ. ಷರಾ ಕಾಲಂನಲ್ಲಿ ಅಮ್ಮನ ಮೂಡ್ ಬರೆಯಬೇಕು.

“ಮೂಡ್ ಹೇಗೆ ಬರೆಯೋದು ಅಣ್ಣ?”

ಅಣ್ಣ ಷರಾ ಕಾಲಂನ ಮೇಲೆ ಪೆನ್ಸಿಲಿಟ್ಟರು. “ಆಣೆವಾರಿ ಹಾಕು” ಅಂದರು.

ಈಗಿನವರಿಗೆ ಬಿಡಿಸಿ ಹೇಳಬೇಕು. ಹೊಲದ ಬೆಳೆಯನ್ನು ಸರ್ಕಾರದವರು ಆಗ ಆಣೆಯಲ್ಲಿ ಅಂದಾಜು ಮಾಡುತ್ತಿದ್ದರು. ರೂಪಾಯಿಗೆ ಹದಿನಾರಾಣೆ ಇದ್ದ ಹಾಗೆ, ಪೂರ್ತಿ ಬೆಳೆ ಬಂದರೆ ಹದಿನಾರಾಣೆ, ಅರ್ಧ ಬಂದರೆ ಎಂಟಾಣೆ. ತೀರ ಕೆಳಗಿಳಿದರೆ ಆ ವರ್ಷದ ಬೆಳೆ ಹೋಯಿತೆಂದೇ ಲೆಕ್ಕ. ಏರಿಯ ಮೇಲೆ ನಿಂತು, ಕಣ್ಣು ಕಿರಿದು ಮಾಡಿ, ಒಂದು ಹೊಲ ಎಷ್ಟಾಣೆ ಎಂದು ಹೇಳುವುದು ನುರಿತವರ ಕೆಲಸ. ಅದೇ ರೀತಿ ನಾನು ಕಟ್ಟೆಯ ಮೇಲೆ ಕೂತು ಅಮ್ಮನ ಮುಖ ನೋಡಿ ಆಣೆ ಹಾಕಬೇಕು.

“ಹನ್ನೆರಡು ದಾಟಿದ್ರೆ ಬೆಳೆ ಕೈಗೆ ಬಂತು ಅಂತ ಅರ್ಥ” ಅಂದರು ಅಣ್ಣ. “ಸಂಕ್ರಾಂತಿಗೆ ನೋಡೋಣ. ನಿನ್ನ ಸ್ಕೂಲಿನ ವಿಷಯ ಆಮೇಲೆ.”

ನೋಡಿ, ಎಂಥ ನಿಷ್ಪಕ್ಷಪಾತ ಅಧಿಕಾರಿಯನ್ನು ಅವರು ನೇಮಿಸಿದ್ದು.

ಮೊದಲ ದಿನ ಅಮ್ಮ ನೂರೆಂಟನ್ನೂ ಸುತ್ತಿದಳು. ಅವಳ ಕಣ್ಣು ನೆಲದ ಮೇಲಿತ್ತು. ಮರವನ್ನು ಒಂದು ಸಲವೂ ನೋಡಲಿಲ್ಲ. ಕೊನೆಯ ಬೀಜ ಹಾಕಿ “ಆಯ್ತಮ್ಮ” ಅಂದೆ. ಅವಳು ಇನ್ನೂ ಎರಡು ಸುತ್ತು ಸುತ್ತಿದಳು, ಕೇಳಿಸಿರಲಿಲ್ಲ. ನಾನು ಪ್ರಾಮಾಣಿಕವಾಗಿ ನಾಲ್ಕಾಣೆ ಎಂದು ಬರೆದೆ. ಎರಡನೆಯ ದಿನವೂ ನಾಲ್ಕು. ಮೂರನೆಯ ದಿನ ಮೂರು. ಸಂಜೆ ಅಣ್ಣ ರಿಜಿಸ್ಟರು ನೋಡಿ, ಮೂಲೆಯಲ್ಲಿ ರುಜು ಹಾಕಿ, ಕನ್ನಡಕ ಒರೆಸಿಕೊಂಡರು. ಅತ್ತೆ ಒಳಗಿನಿಂದ, “ಸರೋಜಾ, ಸಾರಿನ ಪುಡಿ ಹುರಿಯೋದು ಕಲ್ತ್ಕೊ ಬಾರೆ” ಎಂದು ಕೂಗಿದರು.

ನಾಲ್ಕನೆಯ ದಿನ ನಾನು ಐದಾಣೆ ಬರೆದೆ.

ಅದೇ ವಾರ ಸಿಸ್ಟರ್ ಬೆನಿಟಾ ನಮಗೆ ಗ್ರಾಫ್ ಕಲಿಸಿದ್ದರು. ಅವರು ಐರಿಷ್ ಹೆಂಗಸು. ಬೆರಳುಗಳು ಸದಾ ಚಾಕ್‌ಪುಡಿಯಲ್ಲಿ ಬೆಳ್ಳಗಿರುತ್ತಿದ್ದವು. “ನೇಚರ್ ಡಸ್ ನಾಟ್ ಜಂಪ್, ಗರ್ಲ್ಸ್” ಎಂದು ಹೇಳಿಕೊಟ್ಟಿದ್ದರು. ನನಗದು ಕಳ್ಳಲೆಕ್ಕದ ಮೊದಲ ಸೂತ್ರವಾಗಿ ಒದಗಿತು. ಐದಾದ ಮೇಲೆ ಎರಡು ದಿನ ಐದೇ. ಆಮೇಲೆ ಆರು. ಅಮಾವಾಸ್ಯೆಯ ದಿನ ನಂಬಿಕೆ ಬರಲೆಂದು ಒಂದಾಣೆ ಇಳಿಸಿದೆ. ಮೋಡವಿದ್ದ ದಿನ ಅರ್ಧ ಆಣೆ. ಆ ಕಾನ್ವೆಂಟಿನಲ್ಲಿ ಪ್ರತಿ ಶುಕ್ರವಾರ ಮಾರಲ್ ಸೈನ್ಸ್ ಕ್ಲಾಸಿರುತ್ತಿತ್ತು. ಅದರಲ್ಲೂ ನನಗೇ ಫಸ್ಟ್ ಪ್ರೈಜ್.

ಅಮ್ಮನ ಆಣೆಯನ್ನು ನಾನು ತಿದ್ದುತ್ತಿದ್ದೆ, ಸರಿ. ಸುತ್ತು ಮಾತ್ರ ಅಸಲಿ ಇತ್ತು. ಅದೂ ಎರಡು ವಾರ.

ದಟ್ಟಗಳ್ಳಿಯಿಂದ ಕೆಂಪಮ್ಮ ಎಂಬಾಕೆ ಸೊಪ್ಪು ತರುತ್ತಿದ್ದಳು. ಆಗ ದಟ್ಟಗಳ್ಳಿ ಎಂದರೆ ರಾಗಿಹೊಲದ ನಡುವಿನ ಹಳ್ಳಿ; ನಾನೀಗ ಕೂತು ಬರೆಯುತ್ತಿರುವ ಈ ನಡುಮನೆಯ ಜಾಗದಲ್ಲಿ ಅವರೆಯೋ ಹುರುಳಿಯೋ ಬೆಳೆದಿರಬೇಕು. ಕೆಂಪಮ್ಮ ಕತ್ತಲಿರುವಾಗಲೇ ಬಂದು, ಬೀದಿಬೀದಿಯಲ್ಲಿ ಸೊಪ್ಪು ಮಾರಿ, ಆರು ದಾಟುವಷ್ಟರಲ್ಲಿ ಖಾಲಿ ಮಂಕರಿ ಹೊತ್ತು ನಮ್ಮ ಕಟ್ಟೆಯ ಬಳಿ ಕೂತು ಎಲೆಅಡಿಕೆ ಹಾಕುತ್ತಿದ್ದಳು. ನಾಲ್ಕಾರು ದಿನ ಸುಮ್ಮನೆ ನೋಡಿದಳು. ಆಮೇಲೆ ತಡೆಯಲಾರದೆ ಕೇಳಿದಳು.

“ಯಾಕ್ರವ್ವ, ದಿನಾ ಇಂಗೆ ಸುತ್ತೀರಲ್ಲ. ಗಾಣದೆತ್ತು ಸುತ್ತುದ್ರೆ ಎಣ್ಣೆನಾರ ಬತ್ತದೆ.”

ಅಮ್ಮ ನಿಂತಳು. ಅದು ಹನ್ನೊಂದನೆಯ ಸುತ್ತು. ನನ್ನ ಬೆರಳ ತುದಿಯಲ್ಲಿ ಹನ್ನೊಂದನೆಯ ಬೀಜ ಇನ್ನೂ ಇತ್ತು.

“ಡಾಕ್ಟರು ನಡೀಬೇಕು ಅಂದ್ರು, ಕೆಂಪಮ್ಮ.”

“ನಡೀರಿ ಮತ್ತೆ. ಇದು ನಡ್ಯಾದಾ? ಎಷ್ಟ್ ಸುತ್ತುದ್ರೂ ನಿಂತಿದ್ ಜಾಗದಲ್ಲೇ ನಿಂತಿರ್ತೀರಿ. ಬನ್ನಿ, ನಮ್ಮೂರ್ ದಾರಿ ಬೇಲಿಗಂಟ ಓಗ್ಬುಟ್ಟು ಬರೂರಂತೆ.”

“ಯಾರಾದ್ರೂ ನೋಡಿದ್ರೆ?”

ಕೆಂಪಮ್ಮ ತನ್ನ ಖಾಲಿ ಮಂಕರಿಯನ್ನು ಎತ್ತಿ ಅಮ್ಮನ ಕಂಕುಳಿಗೆ ಕೊಟ್ಟಳು. “ಇದ ಇಡ್ಕಳಿ. ಯಾರಾರ ಕೇಳುದ್ರೆ ಸೊಪ್ಪು ತರಕೋಯ್ತೀನಿ ಅನ್ನಿ.”

ಒಂದು ಮಂಕರಿ ಸಾಕಾಯಿತು. ಅದು ಕಂಕುಳಿಗೆ ಬಂದದ್ದೇ ತಡ, ಅಮ್ಮ ಸುಮ್ಮನೆ ನಡೆಯುವ ಹೆಂಗಸಾಗಿ ಉಳಿಯಲಿಲ್ಲ. ನನ್ನ ಕಡೆ ತಿರುಗಿಯೂ ನೋಡದೆ ಕೆಂಪಮ್ಮನ ಹಿಂದೆ ಹೊರಟುಬಿಟ್ಟಳು. ಮುಕ್ಕಾಲು ಗಂಟೆಯ ಮೇಲೆ ಒಬ್ಬಳೇ ತಿರುಗಿ ಬಂದಳು. ಸೆರಗಿನಲ್ಲಿ ಒಂದು ಹಿಡಿ ಹೊನಗನ್ನೆ ಸೊಪ್ಪಿತ್ತು. ನಾವಿಬ್ಬರೂ ಮನೆಗೆ ಬಂದೆವು. ಅವಳು ಬರುವಷ್ಟರಲ್ಲಿ ನಾನು ಉಳಿದ ತೊಂಬತ್ತೇಳು ಬೀಜಗಳನ್ನು ಒಂದೊಂದಾಗಿ ಪಕ್ಕದ ಬಟ್ಟಲಿಗೆ ಹಾಕಿ ಮುಗಿಸಿದ್ದೆ. ಒಟ್ಟಿಗೆ ಸುರಿಯಬಹುದಿತ್ತು. ಸುಳ್ಳಾದರೂ ಕ್ರಮವಾಗಿ ಇರಲಿ ಅನ್ನಿಸಿತ್ತು.

ಅಂದಿನಿಂದ ದಿನಾ ಅದೇ. ಅಮ್ಮ ಬೀದಿಗೆ ಕಾಣುವಂತೆ ಹನ್ನೊಂದು ಸುತ್ತು ಸುತ್ತುತ್ತಿದ್ದಳು, ಕೆಂಪಮ್ಮ ಬರುತ್ತಿದ್ದಳು, ಇಬ್ಬರೂ ಹೋಗುತ್ತಿದ್ದರು. ರಿಜಿಸ್ಟರಿನಲ್ಲಿ ನೂರೆಂಟು. ಆ ವಿಷಯವಾಗಿ ಅಮ್ಮ ನನ್ನನ್ನು ಒಂದು ಮಾತು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಒಂದು ದಿನ ಕುತೂಹಲ ತಡೆಯದೆ ಬಟ್ಟಲುಗಳನ್ನು ಮರದ ಬೇರಿನ ಸಂದಿಯಲ್ಲಿಟ್ಟು ನಾನೂ ಹಿಂದೆ ಹೋದೆ. ಮನೆಗಳು ಮುಗಿದು, ಗಾಡಿಜಾಡು ಶುರುವಾಗುವ ಕಡೆ ಒಂದು ಕಳ್ಳಿಬೇಲಿ. ಅದರ ಆ ಕಡೆ, ಕೊಯ್ದ ರಾಗಿಯ ಕೂಳೆಯ ನಡುವೆ ಒಂದು ಕಲ್ಲಿನ ಮೇಲೆ ಇಬ್ಬರೂ ಕೂತಿದ್ದರು. ಕೆಂಪಮ್ಮ ಕೇಳುತ್ತಿದ್ದಳು.

“ಎಷ್ಟ್ ದಿನ ಇತ್ತವ್ವ ಮಗ?”

“ಒಂಬತ್ತು.”

“ಏನ್ ಎಸ್ರು ಮಡಗಿದ್ರಿ?”

“ಇಡೋಷ್ಟರಲ್ಲಿ ಹೋಯ್ತಲ್ಲ.”

“ಅಯ್, ಬುಡಿ ಅತ್ಲಾಗೆ. ಐನೋರು ಬಂದು ಅಕ್ಕಿ ಮೇಲೆ ಬರ್ಯಾಗಂಟ ತಾಯಾದೋಳು ಬಾಯ್ ಮುಚ್ಕಂಡಿದ್ದಾಳಾ? ಒಂಬತ್ ದಿನ ಮಡ್ಲಲ್ಲಿಟ್ಕಂಡು ಏನಂತ ಕರೀತಿದ್ರಿ?”

ಅಮ್ಮ ಕೂಳೆಯ ಒಂದು ಕಡ್ಡಿ ಕಿತ್ತಳು. “ಜಾನಕಿ ಅಂತಿದ್ದೆ” ಅಂದಳು. “ರಾತ್ರಿ ಯಾರೂ ಇಲ್ಲದಾಗ. ಯಾರಿಗೂ ಹೇಳಿಲ್ಲ.”

“ಜಾನ್ಕಮ್ಮ” ಎಂದು ಕೆಂಪಮ್ಮ ಒಂದು ಸಲ ಕರೆದು ನೋಡಿದಳು, ಹೊಸ ಸೌಟಿನಲ್ಲಿ ಸಾರು ರುಚಿ ನೋಡುವ ಹಾಗೆ. “ಚೆಂದಾಗದೆ. ನನ್ನವು ಮೂರು ಸತ್ತೋದೊ ಕನವ್ವ. ಮೂರ್ಕೂ ಎಸ್ರವೆ. ಕರ ಸತ್ರೂ ಎಸ್ರೇಳ್ಕಂಡು ಅಳ್ತೀವಿ ನಾವು. ಎಂಗಿತ್ತು ಜಾನ್ಕಮ್ಮ? ನಿಮ್ಮಂಗೇ ಬೆಳ್ಳಗಾ?”

ಅಮ್ಮ ಹೇಳತೊಡಗಿದಳು. ಕೂದಲು ಎಷ್ಟಿತ್ತು, ಕಿವಿ ಯಾರ ಹಾಗಿತ್ತು, ಹಾಲು ಕುಡಿಯುವಾಗ ಬಲಗಾಲನ್ನು ಹೇಗೆ ಒದೆಯುತ್ತಿತ್ತು. ಮನೆಯಲ್ಲಿ ಎರಡು ತಿಂಗಳಿಂದ “ಹೂಂ” ಬಿಟ್ಟು ಏನೂ ಹೇಳದಿದ್ದವಳು. ನಾನು ಕಳ್ಳಿಬೇಲಿಯ ಈಚೆ ನಿಂತು ಕೇಳಿದೆ. ಆಮೇಲೆ, ಇದು ನನಗಾಗಿ ಆಡಿದ ಮಾತಲ್ಲ ಎಂದು ಹೊಳೆದು, ಓಡಿಬಂದು ಬೀಜ ಎಣಿಸುತ್ತಾ ಕೂತೆ. ಅವತ್ತು ಎಷ್ಟಾಣೆ ಬರೆಯಬೇಕೆಂದು ತಿಳಿಯದೆ ನಿನ್ನೆಯದನ್ನೇ ಬರೆದೆ.

ಇಲ್ಲಿಂದ ಮುಂದೆ ನನ್ನ ಲೆಕ್ಕಕ್ಕೆ ಒಂದು ವಿಚಿತ್ರ ಸಂಕಟ ಬಂತು. ಡಿಸೆಂಬರು ಮುಗಿಯುವ ಹೊತ್ತಿಗೆ ನಾನು ಹದವಾಗಿ ಏರಿಸುತ್ತಾ ಹತ್ತಕ್ಕೆ ತಂದಿದ್ದೆ. ಒಂದು ಬೆಳಗ್ಗೆ ಅಮ್ಮ ತಲೆಗೆ ಹೂ ಮುಡಿದು ಹೊರಟಳು. ಇನ್ನೊಂದು ದಿನ ಅತ್ತೆಯ ಸಾರಿಗೆ ಉಪ್ಪು ಹೆಚ್ಚಾಯಿತು ಅಂದಳು. ಮನೆಯಲ್ಲಿ ಅಂಥ ಮಾತು ಕೇಳಿ ಎಷ್ಟು ಕಾಲವಾಗಿತ್ತು. ಅತ್ತೆಗೆ ಸಿಟ್ಟು ಬಂತು, ನನಗೆ ಕಣ್ಣಲ್ಲಿ ನೀರು. ನಿಜವಾಗಿ ನೋಡಿದರೆ ಅವಳು ಆಗಲೇ ಹನ್ನೊಂದಾಣೆಗೋ ಹನ್ನೆರಡಕ್ಕೋ ಬಂದಿದ್ದಳು. ನನ್ನ ಸುಳ್ಳನ್ನು ನಿಜ ಹಿಂದಿನಿಂದ ಓಡಿಬಂದು ದಾಟಿ ಹೋಗಿತ್ತು. ಈಗ ನಿಜ ಬರೆದರೆ ರೇಖೆ ಜಿಗಿಯುತ್ತದೆ. ನೇಚರ್ ಡಸ್ ನಾಟ್ ಜಂಪ್. ಹಾಗಾಗಿ ಅಮ್ಮನ ಸುಖವನ್ನು ಒಂದು ವಾರ ಕಡಿಮೆ ಮಾಡಿಯೇ ಬರೆದೆ. ಇಂಥ ಪ್ರಾಮಾಣಿಕತೆಗೆ ಯಾವ ಕಾಲಂ ಹಾಕುತ್ತೀರೋ ನೀವೇ ಹೇಳಿ.

ಸಂಕ್ರಾಂತಿಗೆ ಇನ್ನು ಮೂರ್ನಾಲ್ಕು ದಿನ. ಹದಿಮೂರಾಣೆ ತಲುಪಿದ್ದೆ. ಗ್ರಾಫ್ ಪೇಪರಿನ ಮೇಲೆ ನೀಲಿ ಶಾಯಿಯಲ್ಲಿ ಅದನ್ನು ಬರೆದು ಅಣ್ಣನಿಗೆ ಕೊಟ್ಟೆ. ಅಷ್ಟು ಸಾಲದೆ ಮೇಲೆ ಇಂಗ್ಲಿಷಿನಲ್ಲಿ ತಲೆಬರಹ ಬೇರೆ. ಮೆರೆಯುವ ಚಪಲ ಒಂದಿಲ್ಲದಿದ್ದರೆ ಎಷ್ಟೋ ಕಳ್ಳರು ಸಿಕ್ಕಿಬೀಳುತ್ತಿರಲಿಲ್ಲ.

ಅಣ್ಣ ಆ ಹಾಳೆಯನ್ನು ಡಾಕ್ಟರಿಗೆ ತೋರಿಸಿದರು. ತೋರಿಸಿ, “ನೀವೇ ಬಂದು ಕಣ್ಣಾರೆ ನೋಡ್ಬೇಕು ಡಾಕ್ಟ್ರೇ, ನೂರೆಂಟು ಸುತ್ತು, ಒಂದು ದಿನವೂ ತಪ್ಪಿಸಿಲ್ಲ” ಎಂದು ಒಪ್ಪಿಸಿಯೇ ಬಂದರು. ಮರುದಿನ ಆರು ಗಂಟೆಗೆ ಕಟ್ಟೆಯ ಪಕ್ಕದಲ್ಲಿ ಎರಡು ಕೋಟುಗಳು ನಿಂತಿದ್ದವು. ಅಣ್ಣನ ಕಂಕುಳಲ್ಲಿ ರಿಜಿಸ್ಟರು. ನನ್ನ ಕೈಯಲ್ಲಿ ಬೀಜದ ಬಟ್ಟಲು. ಸುತ್ತು ಸುಳ್ಳೆಂದು ತಿಳಿದರೆ ಆಣೆಯೂ ಸುಳ್ಳು. ಆಣೆ ಸುಳ್ಳಾದರೆ ನನ್ನ ಸ್ಕೂಲು ಅಲ್ಲಿಗೆ ಮುಗಿಯಿತು.

ಅಮ್ಮ ಸುತ್ತತೊಡಗಿದಳು. ಒಂಬತ್ತು. ಹತ್ತು. ಹನ್ನೊಂದು. ಹನ್ನೆರಡನೆಯದಕ್ಕೆ ಕಾಲಿಟ್ಟಾಗ ಅಶ್ವತ್ಥದ ಹಿಂದಿನಿಂದ ಕೆಂಪಮ್ಮನ ದನಿ ಬಂತು.

“ಯಾಕ್ರವ್ವ, ಇನ್ನೂ ಗಾಣದಲ್ಲೇ ಇದ್ದೀರಿ? ಬನ್ನಿ ಬನ್ನಿ, ಬಿಸ್ಲಾಯ್ತದೆ. ನೆನ್ನೆ ಜಾನ್ಕಮ್ಮನ್ ಇಸ್ಯ ಅರ್ಧದಲ್ಲೇ ನಿಂತೋಯ್ತು.”

ಈ ಕಡೆ ಬಂದ ಮೇಲೆ ಅವಳಿಗೆ ಕೋಟುಗಳು ಕಂಡವು. “ಅಯ್ಯೋ ಸ್ವಾಮಿ, ನೋಡ್ನಿಲ್ಲ ನಾನು” ಎಂದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

“ಬರೋದು ಅಂದ್ರೆ ಎಲ್ಲಿಗೆ?” ಎಂದರು ಅಣ್ಣ.

ಅಮ್ಮ ನಿಂತಳು. “ದಟ್ಟಗಳ್ಳಿ ದಾರೀಲಿ. ದಿನಾ ಹೋಗ್ತೀನಿ.”

“ದಿನಾನಾ? ಮತ್ತೆ ಈ ನೂರೆಂಟು?”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಟ್ಟಲು ನೋಡುತ್ತಿದ್ದೆ.

“ಅವಳನ್ನ ಏನೂ ಕೇಳ್ಬೇಡಿ” ಅಂದಳು ಅಮ್ಮ. “ಹಾಗೆ ಬರಿ ಅಂತ ನಾನೇ ಹೇಳಿದ್ದು.”

ಶುದ್ಧ ಸುಳ್ಳು. ಎಷ್ಟು ಸರಾಗವಾಗಿ ಹೇಳಿದಳೆಂದರೆ, ನನ್ನ ಈ ವಿದ್ಯೆ ಎಲ್ಲಿಂದ ಬಂತೆಂದು ನನಗೆ ಆಗ ತಿಳಿಯಿತು.

ಅಣ್ಣ ರಿಜಿಸ್ಟರನ್ನು ಬಿಚ್ಚಿದರು. ಪುಟಪುಟದಲ್ಲೂ ತಮ್ಮದೇ ರುಜು. ಅವರ ಮೂವತ್ತು ವರ್ಷದ ಸರ್ವಿಸಿನಲ್ಲಿ ಸುಳ್ಳು ಅಳತೆಗೆ ಬಿದ್ದ ರುಜುಗಳು ಬಹುಶಃ ಅವಷ್ಟೇ. “ಹಾಗಾದ್ರೆ ಆಣೆವಾರಿ?” ಅಂದರು. ಸಿಟ್ಟಿನಿಂದಲ್ಲ. ಕಾಲಡಿಯ ಸರಹದ್ದುಕಲ್ಲು ರಾತ್ರೋರಾತ್ರಿ ಜಾಗ ಬದಲಾಯಿಸಿದಾಗ ಕೇಳುವ ಹಾಗೆ.

“ಅದು ಬೇಕಾದ್ರೆ ನೀವೇ ಹಾಕ್ಕೊಳ್ಳಿ” ಅಂದಳು ಅಮ್ಮ. “ಎದುರಿಗೇ ನಿಂತಿದೀನಲ್ಲ.”

ಅಣ್ಣ ತಲೆಯೆತ್ತಿ ನೋಡಿದರು. ದಿನಾ ಸಂಜೆ ಅವಳ ಆಣೆಯನ್ನು ನೋಡಿ ರುಜು ಹಾಕುತ್ತಿದ್ದವರು ಅವಳ ಮುಖವನ್ನು ನೋಡಿದ್ದು ಆ ಎರಡು ತಿಂಗಳಲ್ಲಿ ಅದೇ ಮೊದಲೆಂದು ಕಾಣುತ್ತದೆ. ನೋಡುತ್ತಲೇ ಇದ್ದರು. ಆಣೆ ಹೇಳಲಿಲ್ಲ. “ಜಾನಕಮ್ಮ ಯಾರು?” ಅಂದರು.

“ನಮ್ಮ ಮಗು.”

ಡಾಕ್ಟರು ಹ್ಯಾಟು ತೆಗೆದು ಕೈಯಲ್ಲಿ ಹಿಡಿದು, ಅಶ್ವತ್ಥದ ಎಲೆಗಳನ್ನು ಪರೀಕ್ಷೆ ಮಾಡತೊಡಗಿದರು. ಕೆಂಪಮ್ಮ ಮಂಕರಿಯನ್ನು ಅಮ್ಮನ ಕೈಗೆ ಕೊಟ್ಟಳು. ಇಬ್ಬರೂ ಹೊರಟರು. ಅಣ್ಣ ರಿಜಿಸ್ಟರನ್ನು ಕಟ್ಟೆಯ ಮೇಲಿಟ್ಟು, ಎರಡು ಹೆಜ್ಜೆ ಹೋಗಿ, ನಿಂತು, ಮತ್ತೆ ಹೋದರು. ಪೇಟ, ಕೋಟು, ಕಚ್ಚೆಪಂಚೆ, ಬೂಟು, ಎಲ್ಲ ಇತ್ತು. ಕೈಯಲ್ಲಿ ಮಾತ್ರ ಏನೂ ಇರಲಿಲ್ಲ. ಮನೆಗಳು ಮುಗಿಯುವವರೆಗೂ ಅವರಿಬ್ಬರ ಹಿಂದೆ ದೂರದಲ್ಲೇ ನಡೆದರು. ತಿರುವಿನಲ್ಲಿ ಕೆಂಪಮ್ಮ ಬೇಕೆಂದೇ ಬಿರಬಿರನೆ ಮುಂದೆ ಹೋದದ್ದು ನನಗೆ ಕಾಣಿಸಿತು.

“ನಿನ್ನ ಗ್ರಾಫ್ ಬಹಳ ಚೆನ್ನಾಗಿತ್ತು ಮರಿ” ಎಂದರು ಡಾಕ್ಟರು, ಹ್ಯಾಟು ಹಾಕಿಕೊಳ್ಳುತ್ತಾ. “ಡ್ರಾಯಿಂಗ್ ಪರೀಕ್ಷೆಗೆ ಕಟ್ಟು.”

ಮನೆಗೆ ಬಂದೆ. ಎಂಟಾಯಿತು, ಎಂಟೂವರೆಯಾಯಿತು. ಯೂನಿಫಾರಂ ಹಾಕಿಕೊಳ್ಳಬೇಕೋ ಬೇಡವೋ ತಿಳಿಯಲಿಲ್ಲ. ಅತ್ತೆ ನನ್ನ ಮುಖ ನೋಡಿಯೇ ಎಲ್ಲ ಊಹಿಸಿದರು. “ಸಿಕ್ಕಿಬಿದ್ರಾ ತಾಯಿ ಮಗಳು? ಇನ್ನೇನು ಸ್ಕೂಲು. ಬಾ, ಅವರೆಕಾಯಿ ಸುಲಿ” ಎಂದು ಒಂದು ಮೊರದ ತುಂಬ ಸುರಿದರು. ಆ ವರ್ಷದ ಮೊದಲ ಸೊಗಡವರೆ, ಮನೆಯೆಲ್ಲ ಘಮ್ಮೆನ್ನುತ್ತಿತ್ತು. ನಾನು ಗೋಡೆಗೆ ಒರಗಿ ಸುಲಿಯುತ್ತಾ, ಮನಸ್ಸಿನಲ್ಲೇ ರೆಸಿಟೇಶನ್ನಿನ ಪದ್ಯಕ್ಕೆ ಗುಡ್‌ಬೈ ಹೇಳುತ್ತಾ ಕೂತೆ.

ಒಂಬತ್ತಕ್ಕೆ ಇಬ್ಬರೂ ಬಂದರು. ಅಣ್ಣನ ಬೂಟಿನ ಮೇಲೆ ಕೆಂಪು ಧೂಳು, ಪಂಚೆಯ ಅಂಚಿಗೆಲ್ಲ ಹುಲ್ಲಿನ ಮುಳ್ಳು ಅಂಟಿತ್ತು. ಕಣ್ಣೂ ಸ್ವಲ್ಪ ಕೆಂಪಗಿತ್ತು. ಯಾರಾದರೂ ಏನಾದರೂ ಮಾತಾಡಬೇಕಿತ್ತು. ಅವರಿಗೆ ಇಷ್ಟವಾದ ಪ್ರಶ್ನೆಯನ್ನೇ ಕೇಳೋಣವೆಂದು ನಾನು ಕೇಳಿದೆ.

“ಎಷ್ಟು ದೂರ ಆಯ್ತು ಅಣ್ಣ?”

“ಗೊತ್ತಿಲ್ಲ” ಅಂದರು ಅಣ್ಣ.

ಅಡಿಗೆಮನೆಯಿಂದ ಅತ್ತೆ ಇಣುಕಿ ನೋಡಿದರು. ಅಣ್ಣ ಬೂಟು ಬಿಚ್ಚದೆ ಅಲ್ಲೇ ನಿಂತಿದ್ದರು. ಆಮೇಲೆ ನನ್ನನ್ನೂ, ಮಡಿಲಿನ ಮೇಲಿದ್ದ ಸಿಪ್ಪೆಯನ್ನೂ ಆಗ ತಾನೇ ಕಂಡವರಂತೆ, “ಏನಿದು, ಇನ್ನೂ ಹೊರಟಿಲ್ವಾ? ಬೆಲ್ ಎಷ್ಟು ಹೊತ್ತಿಗೆ?” ಅಂದರು.

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಅಮ್ಮನ ಮುಖ ನೋಡಿದರು. ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಎದುರಿಗೆ ಕೂತು, ಮೊರವನ್ನು ತನ್ನ ಕಡೆ ಎಳೆದುಕೊಂಡಳು.

“ಏಳೆ” ಅಂದಳು. “ನೀನು ಸುಲಿದ್ರೆ ಅರ್ಧ ಕಾಳು ಸಿಪ್ಪೇಲೇ ಇರುತ್ತೆ.”